ಅರೆಹೊಟ್ಟೆಯಲ್ಲೂ ಬದುಕುವ ಬ್ಯಾಟರಿ

(ಶಿರಸಿಯ ಪ್ರೌಢಶಾಲೆಯೊಂದರ ಸಭಾಂಗಣದಲ್ಲಿ, ತಮ್ಮದೇ ಸೆಟ್ಟಿನಿಂದ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಕಲಿಯಲು ಬಂದವರ ಮುಂದೆ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತುಗಳಿವು. ಬರೆಯುವಾಗ ಕೆಲವು ಕಡೆ ಹಿಗ್ಗಿಸಿದ್ದೇನೆ, ಕೆಲವು ಹರಟೆಗಳನ್ನು ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಈ ಮೇಜಿನ ಮೇಲೆ ಎರಡು ಬ್ಯಾಟರಿಗಳಿವೆ. ಎರಡರ ಮೇಲೂ 12 ವೋಲ್ಟ್, 100 ಆಂಪಿಯರ್-ಅವರ್ ಎಂದೇ ಬರೆದಿದೆ. ಆಂಪಿಯರ್-ಅವರ್ ಎಂದರೆ ಎಳೆದ ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು, ಬ್ಯಾಟರಿಯ ಹೊಟ್ಟೆಯ ಅಳತೆ. ಎಡಗಡೆಯದು ಸೀಸದ್ದು. ಜೀಪಿನಿಂದ ಇಲ್ಲಿಗೆ ತರಲು ಇಬ್ಬರು ಬೇಕಾಯಿತು; ಅದರಲ್ಲೊಬ್ಬರು ಈಗಲೂ ಸೊಂಟ ನೀವಿಕೊಳ್ಳುತ್ತಾ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಬಲಗಡೆಯದು ಲಿಥಿಯಂ. ಹನ್ನೆರಡು ಕಿಲೋ ಇರಬಹುದು, ಒಂದೇ ಕೈಯಲ್ಲಿ ಹಿಡಿದು ತಂದೆ. ಬೆಲೆ ಕೇಳಿದರೆ ಮಾತ್ರ ಬಲಗಡೆಯದೇ ಭಾರ. ಇವೆರಡರಲ್ಲಿ ಯಾವುದನ್ನು ಮನೆಗೆ ಒಯ್ಯಬೇಕು ಎಂಬುದು ಇವತ್ತಿನ ವಿಷಯ. ಉತ್ತರ ನಿಮ್ಮ ಕಿಸೆಯಲ್ಲಿಲ್ಲ, ನಮ್ಮ ಮಳೆಗಾಲದಲ್ಲಿದೆ.

ಉತ್ತರ ಕನ್ನಡಕ್ಕೆ ಒಂದು ವಿಚಿತ್ರ ಯೋಗವಿದೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾದಲ್ಲಿ ಕಟ್ಟೆ ಕಟ್ಟಿದ್ದಾರೆ. ಶರಾವತಿಗೆ ಗೇರುಸೊಪ್ಪೆಯಲ್ಲಿ ಕಟ್ಟಿದ್ದಾರೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಇಷ್ಟೆಲ್ಲ ಇದ್ದೂ ಆರಿದ್ರಾ ಮಳೆ ಹಿಡಿದ ಮೇಲೆ ಒಳಹಳ್ಳಿಯ ಮನೆಗಳಲ್ಲಿ ಮೂರು ದಿನ ಕರೆಂಟಿಲ್ಲದಿರುವುದು ಸುದ್ದಿಯೇ ಅಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮವರೇ ಕಟ್ಟಿರಬೇಕು. ಇದರಲ್ಲಿ ಯಾರನ್ನೂ ದೂರುವುದಕ್ಕಿಲ್ಲ. ಕಾಡಿನ ನಡುವೆ ಹತ್ತಾರು ಕಿಲೋಮೀಟರ್ ಎಳೆದ ತಂತಿಯ ಮೇಲೆ ಒಂದು ಮತ್ತಿಮರ ಒರಗಿದರೆ ಸಾಕು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದದ್ದು, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಇಳಿದದ್ದು ನಿಮಗೆ ನೆನಪಿದೆ. ಅಂಥ ದಿನಗಳಲ್ಲಿ ಮೊಬೈಲ್ ಗೋಪುರದ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಆಮೇಲೆ ಡೀಸೆಲ್ ಬೇಕು. ಡೀಸೆಲ್ ಬರಲು ರಸ್ತೆ ಬೇಕು. ಆಗ ಉಳಿಯುವುದು ನಮ್ಮ ರೇಡಿಯೋ.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ದೆಹಲಿಯ ಭಾರತಿ ಪ್ರಸಾದ್ ಅವರು ಪೋರ್ಟ್ ಬ್ಲೇರ್‌ನಲ್ಲಿದ್ದರು. ಹೋಗಿದ್ದದ್ದು ಹ್ಯಾಮ್ ರೇಡಿಯೋ ಯಾತ್ರೆಗೆ, ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತಾಡುವ ಖುಷಿಗೆ. ಅಲೆ ಬಡಿದ ಮೇಲೆ ಅದೇ ಉಪಕರಣಗಳಿಂದ ದ್ವೀಪದವರ ಕ್ಷೇಮವಾರ್ತೆಯನ್ನು ಹೊರಗೆ ಕಳಿಸಿದರು. ರೇಡಿಯೋ ಅವರ ಬಳಿ ಮೊದಲೇ ಇತ್ತು, ನಡೆಯುತ್ತಲೂ ಇತ್ತು ಎಂಬುದನ್ನು ಗಮನಿಸಿ. ಆಪತ್ತು ಬಂದ ಮೇಲೆ ಬ್ಯಾಟರಿ ಹುಡುಕಿದವರಿಗೆ ಬ್ಯಾಟರಿ ಸಿಗುವುದಿಲ್ಲ.

ಹಾಗಾದರೆ ಬಿಸಿಲಿನಿಂದ ಬ್ಯಾಟರಿ ತುಂಬಲು ಎಷ್ಟು ವಾಟಿನ ಸೋಲಾರ್ ಪ್ಯಾನೆಲ್ ಹಾಕಿಸಬೇಕು? ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ. ಎಷ್ಟು ಎಲೆ ಎಂದು ಕೇಳದೆ ಮದುವೆ ಮನೆಯಲ್ಲಿ ಯಾರೂ ಅಕ್ಕಿ ತೊಳೆಯುವುದಿಲ್ಲ. ಇಲ್ಲಿಯೂ ಉಣ್ಣುವವರ ಲೆಕ್ಕ ಮೊದಲು.

ನನ್ನ ಬಳಿ ಇರುವುದು ನೂರು ವಾಟ್ ಪ್ರಸಾರ ಮಾಡುವ ಮಾಮೂಲಿ ಎಚ್‌ಎಫ್ (ಕಿರುತರಂಗದ) ಸೆಟ್ಟು. ಮಾತಾಡುವಾಗ ಇದು 20 ಆಂಪಿಯರ್‌ವರೆಗೆ ಎಳೆಯುತ್ತದೆ. ಈ ಸಂಖ್ಯೆ ಕೇಳಿಯೇ ಹೆಚ್ಚಿನವರು ಹೆದರುತ್ತಾರೆ. ಆದರೆ ಎಸ್‌ಎಸ್‌ಬಿ ಎಂಬ ಪ್ರಸಾರ ವಿಧಾನದಲ್ಲಿ ಮಾತಿನ ನಡುವಿನ ಬಿಡುವಿಗೆಲ್ಲ ಎಳೆತ ಇಳಿಯುವುದರಿಂದ ಸರಾಸರಿ ಹತ್ತು ಆಂಪಿಯರ್ ಎಂದು ಹಿಡಿಯಬಹುದು. ದಿನಕ್ಕೆ ಒಟ್ಟು ಮುಕ್ಕಾಲು ಗಂಟೆ ಮಾತಾಡಿದರೆ ಏಳೂವರೆ ಆಂಪಿಯರ್-ಅವರ್. ಮುಕ್ಕಾಲು ಗಂಟೆ ಗುಂಡಿ ಒತ್ತಿಹಿಡಿದು ಮಾತಾಡುವುದೆಂದರೆ ಸಣ್ಣ ಮಾತಲ್ಲ, ಗಂಟಲು ಕಟ್ಟುತ್ತದೆ. ಇನ್ನು ಸುಮ್ಮನೆ ಕೇಳುತ್ತಾ ಕೂತರೆ ಎಷ್ಟು? ಈ ಸೆಟ್ಟಿಗೆ 1.2 ಆಂಪಿಯರ್. ಆರು ಗಂಟೆ ಕೇಳಿದರೆ 7.2. ನೋಡಿ, ಕೇಳಿದ್ದರ ಖರ್ಚು ಮಾತಾಡಿದ್ದರ ಖರ್ಚಿನ ಸಮಕ್ಕೆ ಬಂದು ನಿಂತಿತು. ಬೆಳಗಿನಿಂದ ಬೆಳಗಿನವರೆಗೆ ತೆರೆದಿಟ್ಟರೆ ಬರೀ ಕೇಳಿದ್ದಕ್ಕೇ 29 ಆಯಿತು. ಮಾತಿಗಿಂತ ಮೌನಕ್ಕೆ ಹೆಚ್ಚು ಖರ್ಚಾಗುವ ಯಂತ್ರ ಇದು.

ಆರು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಒಂದು ಎಲ್‌ಇಡಿ ದೀಪ, ಎರಡು ಮೊಬೈಲಿಗೆ ಇನ್ನೆರಡು ಸೇರಿಸಿ. ದಿನಕ್ಕೆ ಹದಿನೇಳು ಆಂಪಿಯರ್-ಅವರ್.

ಈಗ ಇದೇ ಲೆಕ್ಕವನ್ನು ಐದು ವಾಟಿನ ಪುಟ್ಟ ಸೆಟ್ಟಿಗೆ ಹಾಕಿ. ಕೇಳುವಾಗ 0.4 ಆಂಪಿಯರ್, ಮಾತಾಡುವಾಗ ಸರಾಸರಿ ಒಂದು. ದೀಪ, ಮೊಬೈಲ್ ಸೇರಿ ದಿನಕ್ಕೆ ಐದು ಆಂಪಿಯರ್-ಅವರ್ ಸಾಕು. ಮೂರರಲ್ಲಿ ಒಂದಕ್ಕೂ ಕಡಿಮೆ. ನೂರು ವಾಟಿನಿಂದ ಐದಕ್ಕೆ ಇಳಿದರೆ ಆಚೆಯವರಿಗೆ ಕೇಳುತ್ತದೆಯೇ ಎಂದು ಕೇಳುತ್ತೀರಿ. ವ್ಯತ್ಯಾಸ 13 ಡೆಸಿಬಲ್. ಆಚೆಯವರ ಎಸ್-ಮೀಟರಿನ (ಬಂದ ಸಂಕೇತದ ಬಲ ತೋರಿಸುವ ಮಾಪಕದ) ಮುಳ್ಳು ಎರಡು ಅಂಕ ಕೆಳಗಿಳಿಯುತ್ತದೆ. ಗದ್ದಲ ಕಡಿಮೆಯಿದ್ದ ಬೆಳಗಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಗುಡುಗಿನ ಕರಕರ ತುಂಬಿದ ಸಂಜೆಯಲ್ಲಿ ಖಂಡಿತ ಗೊತ್ತಾಗುತ್ತದೆ. ಎಲ್ಲರೂ ಐದು ವಾಟಿಗೇ ಇಳಿಯಿರಿ ಎನ್ನುವ ವ್ರತದವನು ನಾನಲ್ಲ. ಆದರೆ ಬ್ಯಾಟರಿಗೆ ಹಾಕುವ ಹಣದ ಹತ್ತರಲ್ಲಿ ಒಂದು ಪಾಲನ್ನು ಆಂಟೆನಾದ ತಂತಿಗೆ ಹಾಕಿದವನು ಬುದ್ಧಿವಂತ ಎಂದು ಮಾತ್ರ ಹೇಳಬಲ್ಲೆ.

ಆ ತಂತಿಯ ಬಗ್ಗೆ ಒಂದು ಮಾತು. ನಮ್ಮ ಮನೆಗಳು ಇರುವುದು ಕಣಿವೆಯಲ್ಲಿ, ತೋಟದ ತಲೆಗೆ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟಿನ ಅಲೆ ನೇರ ಸಾಗಿ, ಎದುರಿನ ಗುಡ್ಡಕ್ಕೆ ಬಡಿದು ಅಲ್ಲಿಗೇ ಮುಗಿಯುತ್ತದೆ. ಶಿರಸಿಯಿಂದ ಕಾರವಾರಕ್ಕೆ ಮಾತು ಮುಟ್ಟಬೇಕಾದರೆ ನಡುವೆ ಇಡೀ ಘಟ್ಟ ಅಡ್ಡವಿದೆ. 40 ಮೀಟರ್ ಪಟ್ಟಿಗೆ, ಅಂದರೆ ಸುಮಾರು ಅಷ್ಟುದ್ದದ ಅಲೆಗಳಿಗೆ, ಇಪ್ಪತ್ತು ಮೀಟರ್ ಉದ್ದದ ಡೈಪೋಲನ್ನು (ನಡುವಿನಿಂದ ಎರಡು ಕಡೆ ಚಾಚಿದ ತಂತಿಯನ್ನು) ಬಹಳ ಎತ್ತರಕ್ಕೆ ಏರಿಸದೆ, ಆರೇಳು ಮೀಟರಿನಲ್ಲೇ ಕಟ್ಟಿ. ಅಲೆ ನೆಟ್ಟಗೆ ಮೇಲೇರಿ, ವಾತಾವರಣದ ಮೇಲ್ಪದರವಾದ ಅಯಾನುಗೋಲಕ್ಕೆ ಬಡಿದು, ಕೊಡೆಯ ಮೇಲೆ ಸುರಿದ ನೀರಿನಂತೆ ಸುತ್ತಲೂ ಇಳಿಯುತ್ತದೆ. ಘಟ್ಟ ಲೆಕ್ಕಕ್ಕೇ ಬರುವುದಿಲ್ಲ. ಹಗಲಿಗೆ 40 ಮೀಟರ್, ಕತ್ತಲಾದ ಮೇಲೆ 80. ಕಟ್ಟಲು ಎರಡು ಅಡಿಕೆ ಮರ ಸಾಕು. ನಮ್ಮಲ್ಲಿ ಅದಕ್ಕೇನು ಬರ?

ಇನ್ನು ಬಿಸಿಲು. ನನ್ನ ಬಳಿ ಒಂದು ನೋಟ್‌ಬುಕ್ ಇದೆ. ನೂರು ವಾಟಿನ ಒಂದೇ ಒಂದು ಪ್ಯಾನೆಲ್ ದಿನಕ್ಕೆ ಎಷ್ಟು ಆಂಪಿಯರ್-ಅವರ್ ಒಳಗೆ ಹಾಕಿತು ಎಂದು ಸಂಜೆ ಕಾಫಿ ಆದ ಮೇಲೆ ಬರೆದಿಡುತ್ತೇನೆ. ಶಿವರಾತ್ರಿಯ ಆಸುಪಾಸಿನಲ್ಲಿ ದಿನಕ್ಕೆ ಮೂವತ್ತು ಇದೆ, ಮೂವತ್ತೊಂದು ಇದೆ. ಪುನರ್ವಸು ಮಳೆ ಹಿಡಿದ ವಾರದಲ್ಲಿ ಅದೇ ಪ್ಯಾನೆಲ್, ಅದೇ ಜಾಗ, ಅದೇ ವೈರು: ನಾಲ್ಕು, ಐದು, ನಾಲ್ಕೂವರೆ. ಒಂದು ದಿನ ಮಾತ್ರ ಒಂಬತ್ತು. ಅವತ್ತು ಮಧ್ಯಾಹ್ನ ಒಂದು ಗಂಟೆ ಹೊಳವಾಗಿತ್ತು ಎಂದು ಪಕ್ಕದಲ್ಲಿ ಬರೆದುಕೊಂಡಿದ್ದೇನೆ.

ಪ್ಯಾನೆಲ್ ಮಾರುವವರು ಹೇಳುವ ಲೆಕ್ಕ ಶಿವರಾತ್ರಿಯದು. ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲು ಎನ್ನುತ್ತಾರೆ. ಬಳ್ಳಾರಿಗೆ, ವಿಜಯಪುರಕ್ಕೆ ಅದು ನಡೆಯುತ್ತದೆ. ಇಲ್ಲಿ ಬಿಸಿಲಿರುವ ದಿನ ಕರೆಂಟೂ ಇರುತ್ತದೆ, ಹೆದ್ದಾರಿಯೂ ಇರುತ್ತದೆ, ರೇಡಿಯೋ ಬೇಕಾಗುವುದೇ ಇಲ್ಲ. ನಮಗೆ ರೇಡಿಯೋ ಬೇಕಾಗುವುದು ನೋಟ್‌ಬುಕ್ಕಿನಲ್ಲಿ ನಾಲ್ಕೂವರೆ ಎಂದು ಬರೆದ ದಿನ. ಆದ್ದರಿಂದ ಲೆಕ್ಕವನ್ನು ಪುನರ್ವಸುವಿಗೆ ಹಾಕಿ. ಅಲ್ಲಿ ಗೆದ್ದರೆ ವರ್ಷವಿಡೀ ಗೆದ್ದಂತೆ.

ಪ್ಯಾನೆಲ್ಲನ್ನು ಎತ್ತ ಮುಖ ಮಾಡಿ ಕೂರಿಸಬೇಕು ಎಂಬುದರಲ್ಲಿಯೂ ಇದೇ ಪೇಚು. ಪುಸ್ತಕದ ಪ್ರಕಾರ ದಕ್ಷಿಣಕ್ಕೆ ಮುಖ, ಅಕ್ಷಾಂಶದಷ್ಟು ಇಳಿಜಾರು. ನಾವು ಇರುವುದು ಹದಿನಾಲ್ಕೂವರೆ ಡಿಗ್ರಿಯ ಮೇಲೆ, ಕಾರವಾರ ಇನ್ನೂ ಸ್ವಲ್ಪ ಉತ್ತರಕ್ಕೆ. ಅಂದರೆ ಹದಿನೈದು ಡಿಗ್ರಿ ಹಿಡಿಯಿರಿ. ವರ್ಷದ ಸರಾಸರಿಗೆ ಅದೇ ಸರಿ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮಳೆಗಾಲವಿಡೀ ದಕ್ಷಿಣಕ್ಕೆ ಮುಖ ಮಾಡಿ ಕೂತ ಪ್ಯಾನೆಲ್ಲು ಮುನಿಸಿಕೊಂಡ ಅಳಿಯನಂತೆ ಸೂರ್ಯನಿಗೆ ಬೆನ್ನು ತಿರುಗಿಸಿರುತ್ತದೆ. ಅದಕ್ಕಿಂತ ದೊಡ್ಡ ವಿಷಯವೆಂದರೆ ಮೋಡದ ದಿನ ಬೆಳಕು ಸೂರ್ಯನ ದಿಕ್ಕಿನಿಂದಷ್ಟೇ ಬರುವುದಿಲ್ಲ, ಇಡೀ ಆಕಾಶದಿಂದ ಬರುತ್ತದೆ. ಹಾಗಾಗಿ ನಾನು ಬೇಸಾಯಗಾರನಂತೆ ವರ್ಷಕ್ಕೆ ಎರಡು ಸಲ ಏಣಿ ಹತ್ತುತ್ತೇನೆ. ಮೇ ಕೊನೆಗೆ ಪ್ಯಾನೆಲ್ಲನ್ನು ಹೆಚ್ಚುಕಡಿಮೆ ಮಲಗಿಸುತ್ತೇನೆ. ನೀರು ಜಾರಿ ಹೋಗಿ ಪಾಚಿ ಕಟ್ಟದಿರಲು ಐದಾರು ಡಿಗ್ರಿ ಇಳಿಜಾರು ಬಿಡುತ್ತೇನೆ. ನವರಾತ್ರಿಗೆ ಮತ್ತೆ ಎತ್ತುತ್ತೇನೆ.

ಜಾಗ ಆರಿಸುವಾಗ ನೆಲದ ಮೇಲೆ ಅಂಗಾತ ಮಲಗಿ ನೋಡಿ. ಎಷ್ಟು ಆಕಾಶ ಕಾಣುತ್ತದೆಯೋ ಮಳೆಗಾಲದಲ್ಲಿ ಅಷ್ಟೇ ಬೆಳಕು. ಮೂರು ಕಡೆ ಬೆಟ್ಟ, ಒಂದು ಕಡೆ ತೋಟ ಇರುವ ಅಂಗಳದಲ್ಲಿ ಕಾಣುವುದು ಬಾವಿಯೊಳಗಿನಿಂದ ಕಂಡಷ್ಟು ಆಕಾಶ. ಬಿಸಿಲಿನ ದಿನಗಳಲ್ಲಿ ಇನ್ನೊಂದು ತಾಪತ್ರಯವಿದೆ. ಪ್ಯಾನೆಲ್ಲಿನ ಕೋಶಗಳನ್ನು ಸಾಲಾಗಿ ಪೋಣಿಸಿರುವುದರಿಂದ ಒಂದು ಅಡಿಕೆ ಸೋಗೆಯ ನೆರಳು ಬಿದ್ದರೂ ಅರ್ಧ ಪ್ಯಾನೆಲ್ ಸುಮ್ಮನಾಗಬಹುದು. ನೆರಳು ಬೀಳದ ಜಾಗ ಸಿಗಲಿಲ್ಲವೆಂದರೆ ಎರಡು ಸಣ್ಣ ಪ್ಯಾನೆಲ್ಲುಗಳನ್ನು ಎರಡು ಕಡೆ ಇಡುವುದು ಒಂದು ದೊಡ್ಡದಕ್ಕಿಂತ ಲೇಸು.

ಈಗ ಬ್ಯಾಟರಿಗೆ ಬರೋಣ.

ಬ್ಯಾಟರಿಯ ಜಾಹೀರಾತುಗಳಲ್ಲಿ ಇಷ್ಟು ಸಾವಿರ ಸಲ ತುಂಬಿ ಖಾಲಿ ಮಾಡಬಹುದು ಎಂಬ ಮಾತೇ ಮುಂದಿರುತ್ತದೆ. ಲಿಥಿಯಂ ಎರಡು ಸಾವಿರ ದಾಟುತ್ತದೆ, ಸೀಸ ಅಷ್ಟು ಬಾಳುವುದಿಲ್ಲ. ನಿಜ. ಆದರೆ ವರ್ಷಕ್ಕೆ ನಲವತ್ತು ದಿನ ಕೆಲಸ ಮಾಡುವ ನಮ್ಮ ಬ್ಯಾಟರಿಗೆ ಆ ಲೆಕ್ಕದಿಂದ ಏನಾಗಬೇಕಿದೆ? ನಮ್ಮಲ್ಲಿ ಬ್ಯಾಟರಿ ಸವೆದು ಸಾಯುವುದಿಲ್ಲ, ಅರೆಹೊಟ್ಟೆಯಲ್ಲಿ ಸಾಯುತ್ತದೆ.

ನನ್ನ ಮೊದಲ ಬ್ಯಾಟರಿ ಹೀಗೇ ಸತ್ತಿತು. 150 ಆಂಪಿಯರ್-ಅವರ್‌ನ ಟ್ಯೂಬುಲರ್ ಜಾತಿಯ ಸೀಸದ ಬ್ಯಾಟರಿ, ಹೊಸದು, ಒಂದು ವರ್ಷ ಚೆನ್ನಾಗಿಯೇ ನಡೆದಿತ್ತು. 2019ರ ಮಳೆಗಾಲ ನಿಮಗೆಲ್ಲ ಗೊತ್ತು. ಜುಲೈ ಕೊನೆಯಿಂದ ಮಳೆ ಬಿಡಲಿಲ್ಲ, ಆಗಸ್ಟಿನಲ್ಲಿ ನೆರೆಯೇ ಬಂತು. ಬ್ಯಾಟರಿ 12.1 ವೋಲ್ಟಿಗೆ ಇಳಿದಿತ್ತು, ಅಂದರೆ ಸುಮಾರು ಅರ್ಧ. ಇನ್ನೂ ಅರ್ಧ ಇದೆಯಲ್ಲ, ಬಿಸಿಲು ಬಂದಾಗ ತುಂಬಿಕೊಳ್ಳಲಿ ಎಂದು ಬಿಟ್ಟೆ. ದಿನಾ ಸ್ವಲ್ಪ ತುಂಬುತ್ತಿತ್ತು, ದಿನಾ ಸ್ವಲ್ಪ ತೆಗೆಯುತ್ತಿದ್ದೆ. ಐದು ವಾರ ಹೀಗೆ ನಡೆಯಿತು. ಚೌತಿ ಕಳೆದು ಬಿಸಿಲು ಕಂಡ ಮೇಲೆ ಎರಡು ದಿನ ಬಿಡದೆ ಚಾರ್ಜ್ ಕೊಟ್ಟೆ. ವೋಲ್ಟ್‌ಮೀಟರ್ 12.7 ತೋರಿಸಿತು. ಖುಷಿಪಟ್ಟೆ. ರೇಡಿಯೋ ಹಚ್ಚಿ ಅರ್ಧ ಗಂಟೆ ಆಗುವಷ್ಟರಲ್ಲಿ 11.8. ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಎಳೆದು ನೋಡಿದರೆ 1.265 ಇರಬೇಕಾದ ಕಡೆ 1.190, ಮತ್ತೆ ಎಷ್ಟು ತುಂಬಿದರೂ ಅದು ಮೇಲೇಳಲಿಲ್ಲ.

ಆದದ್ದು ಇಷ್ಟು. ಸೀಸದ ಬ್ಯಾಟರಿ ಖಾಲಿಯಾಗುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಮೆತ್ತಿಕೊಳ್ಳುತ್ತದೆ. ಬೇಗ ತುಂಬಿದರೆ ಅದು ಕರಗಿ ಆಮ್ಲಕ್ಕೆ ಮರಳುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟುತ್ತದೆ, ಡಬ್ಬಿಯಲ್ಲಿ ತಳ ಹಿಡಿದ ಹಳೆಯ ಬೆಲ್ಲದಂತೆ. ಆಮೇಲೆ ಏನು ಮಾಡಿದರೂ ಕರಗದು. ಅಲ್ಲದೆ ಸೀಸಕ್ಕೆ ಕೊನೆಯ ಐದನೇ ಒಂದು ಪಾಲನ್ನು ತುಂಬಿಕೊಳ್ಳಲು 14.4 ವೋಲ್ಟಿನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಕು. ಪುನರ್ವಸುವಿನಲ್ಲಿ ಅಷ್ಟು ಬಿಡುವು ಕೊಡುವ ಆಕಾಶ ಎಲ್ಲಿದೆ?

ಲಿಥಿಯಂ ಎಂದರೆ ಎಲ್ಲ ಒಂದಲ್ಲ. ನಾನು ಹೇಳುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್. 3.2 ವೋಲ್ಟಿನ ನಾಲ್ಕು ಕೋಶ ಸೇರಿ 12.8. ಇದಕ್ಕೆ ಅರೆಹೊಟ್ಟೆ ಕಷ್ಟವಲ್ಲ, ಅದೇ ಹಿತ. ಎರಡು ತಿಂಗಳು ಅರ್ಧ ತುಂಬಿ ಬಿಟ್ಟರೂ ಬೇಸರಪಡುವುದಿಲ್ಲ. ಸೀಸದಲ್ಲಿ ಅರ್ಧಕ್ಕೆ ನಿಲ್ಲಿಸಬೇಕು. ಇದರಲ್ಲಿ ಎಂಬತ್ತು ಪಾಲು ತೆಗೆಯಬಹುದು. ಲ್ಯಾಪ್‌ಟಾಪಿನ, ಸ್ಕೂಟರಿನ ಹಳೆಯ ಬ್ಯಾಟರಿ ಒಡೆದು ಕೋಶ ತೆಗೆದು ಕಟ್ಟುವ ಉತ್ಸಾಹಿಗಳು ಇಲ್ಲಿ ಇಬ್ಬರು ಇದ್ದಾರೆ, ಅವರ ಕಣ್ಣಲ್ಲೇ ಗೊತ್ತಾಗುತ್ತದೆ. ಅವು ಹೆಚ್ಚಾಗಿ ಬೇರೆ ಜಾತಿಯ ಲಿಥಿಯಂ. ಮೂರು ಕೋಶ ಜೋಡಿಸಿದರೆ ತುಂಬಿದಾಗಲೂ 12.6, ಬೇಗ ಹನ್ನೊಂದಕ್ಕೆ ಇಳಿಯುತ್ತದೆ. ನಾಲ್ಕು ಜೋಡಿಸಿದರೆ 16.8. ನಮ್ಮ ಸೆಟ್ಟುಗಳು ಕೇಳುವುದು 13.8, ಹೆಚ್ಚುಕಡಿಮೆ ನೂರಕ್ಕೆ ಹದಿನೈದು, ಅಂದರೆ 11.7ರಿಂದ 15.8ರೊಳಗೆ. ಒಂದು ಗಿಡ್ಡ, ಒಂದು ಉದ್ದ. ಅದೂ ಅಲ್ಲದೆ ಅವು ಕೆಟ್ಟರೆ ಹತ್ತಿಕೊಂಡು ಉರಿಯುವುದು ಹೆಚ್ಚು. ಮರದ ಅಟ್ಟದ ಮನೆಯಲ್ಲಿ ಆ ಸಾಹಸ ಬೇಡ.

ಈಗ ಮೂರನ್ನೂ ಕೂಡಿಸಿ. ನೂರು ವಾಟಿನ ಸೆಟ್ಟು ದಿನಕ್ಕೆ ಹದಿನೇಳು ತಿನ್ನುತ್ತದೆ. ಮಳೆಗಾಲದಲ್ಲಿ ಎರಡು ಪ್ಯಾನೆಲ್ ಕೊಡುವುದು ಒಂಬತ್ತು. ದಿನಕ್ಕೆ ಎಂಟು ಸಾಲ. ಈ ಎಡಗಡೆಯದರಲ್ಲಿ ಬಳಸಲು ಸಿಗುವುದು ಐವತ್ತು, ಆರು ದಿನ ಬಂತು. ಆ ಆರೂ ದಿನ ಅದು ಒಳಗೊಳಗೇ ಸಾಯುತ್ತಿರುತ್ತದೆ. ಬಲಗಡೆಯದರಲ್ಲಿ ಎಂಬತ್ತು, ಹತ್ತು ದಿನ ಬಂತು. ನಾಲ್ಕು ಪ್ಯಾನೆಲ್ ಹಾಕಿದರೆ ಹದಿನೆಂಟು ಬರುತ್ತದೆ, ಸಾಲವೇ ಇಲ್ಲ. ಇನ್ನು ಐದು ವಾಟಿನ ಸೆಟ್ಟೋ? ತಿನ್ನುವುದು ಐದು, ಒಂದೇ ಪ್ಯಾನೆಲ್ ಕೊಡುವುದು ನಾಲ್ಕೂವರೆ. ಇಪ್ಪತ್ತು ಆಂಪಿಯರ್-ಅವರ್‌ನ ಪುಟ್ಟ ಲಿಥಿಯಂ ಇದ್ದರೆ ಪುನರ್ವಸು, ಪುಷ್ಯ ಎರಡೂ ಮಳೆ ದಾಟುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ದೊಡ್ಡ ಸೆಟ್ಟು ಇದ್ದರೂ ಕಪಾಟಿನಲ್ಲಿ ಈ ಪುಟ್ಟ ಜೋಡಿ ಒಂದಿರಲಿ. ಪ್ಯಾನೆಲ್ ಈಗ ಅಗ್ಗ, ಬ್ಯಾಟರಿ ತುಟ್ಟಿ. ಪ್ಯಾನೆಲ್ಲಿನಲ್ಲಿ ದುಂದು ಮಾಡಿ, ಬ್ಯಾಟರಿಯಲ್ಲಿ ಕೈ ಬಿಗಿ ಹಿಡಿಯಿರಿ. ಆದರೆ ಮನೆಯ ಚಾವಣಿಗೆ ಹಾಕುವ ದೊಡ್ಡ ಪ್ಯಾನೆಲ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದರ ವೋಲ್ಟೇಜು ನಲವತ್ತರ ಹತ್ತಿರ ಇರುತ್ತದೆ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರ್ ಪಿಡಬ್ಲ್ಯುಎಂ ಜಾತಿಯದಾದರೆ ಅರ್ಧಕ್ಕಿಂತ ಹೆಚ್ಚು ಪೋಲು. ಅದಕ್ಕೆ ಹೆಚ್ಚಿನ ವೋಲ್ಟನ್ನು ಆಂಪಿಯರಾಗಿ ಬದಲಿಸುವ ಎಂಪಿಪಿಟಿ ಜಾತಿಯದೇ ಬೇಕು.

ಹಾಗೆಂದು ಮನೆಯ ಇನ್ವರ್ಟರಿನ ಸೀಸದ ಬ್ಯಾಟರಿಯನ್ನು ನಾಳೆಯೇ ಗುಜರಿಗೆ ಹಾಕಬೇಡಿ. ಅದು ಕರೆಂಟು ಇದ್ದಾಗಲೆಲ್ಲ ಹೊಟ್ಟೆ ತುಂಬ ಉಣ್ಣುತ್ತದೆ, ಆದ್ದರಿಂದ ಬಾಳುತ್ತದೆ. ಅದರಿಂದಲೇ ಫ್ಯೂಸ್ ಹಾಕಿ ರೇಡಿಯೋಗೆ ಎಳೆದುಕೊಳ್ಳಬಹುದು. ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿದ್ದರೆ ಮಾತ್ರ ಒಂದರಿಂದ 12 ಕದಿಯಬೇಡಿ. ಒಂದು ಬಡವಾಗಿ, ಇನ್ನೊಂದು ಅತಿಯಾಗಿ ತಿಂದು, ಎರಡೂ ಕೆಡುತ್ತವೆ. ಜೀಪಿನ ಬ್ಯಾಟರಿಯ ಬಗ್ಗೆ ಕೇಳುವವರಿದ್ದೀರಿ. ಅದು ಒಂದೇ ನೆಗೆತಕ್ಕೆ ಹುಟ್ಟಿದ್ದು, ದೂರದ ನಡಿಗೆಗಲ್ಲ.

ಲಿಥಿಯಂ ಕೊಳ್ಳುವಾಗ ಮೋಸವೂ ಇದೆ. ಆನ್‌ಲೈನಿನಲ್ಲಿ ತರಿಸಿದ ನಲವತ್ತು ಆಂಪಿಯರ್-ಅವರ್‌ನ ಬ್ಯಾಟರಿಯೊಂದಕ್ಕೆ ಜೀಪಿನ 55 ವಾಟಿನ ಹೆಡ್‌ಲೈಟ್ ಬಲ್ಬ್ ಹಚ್ಚಿ ಗಡಿಯಾರ ಹಿಡಿದು ಕೂತೆ. ಬಲ್ಬ್ ಎಳೆಯುವುದು ನಾಲ್ಕೂವರೆ ಆಂಪಿಯರ್. ಹೆಚ್ಚುಕಡಿಮೆ ಒಂಬತ್ತು ಗಂಟೆ ಉರಿಯಬೇಕು. ಊಟ ಮುಗಿಸಿ, ನಿದ್ದೆ ಮುಗಿಸಿ ಎದ್ದು ಬರುವಷ್ಟರಲ್ಲಿ ಆರಿತ್ತು. ಆರು ಗಂಟೆಯೂ ಬರಲಿಲ್ಲ. ಹಿಂದಕ್ಕೆ ಕಳಿಸಿದೆ. ಈಗ ಯಾವ ಬ್ಯಾಟರಿ ತಂದರೂ ಮೊದಲು ಹೆಡ್‌ಲೈಟಿನ ಪರೀಕ್ಷೆ. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪಿಯರ್ ಬಿಡುತ್ತದೆ ಎಂಬುದನ್ನೂ ಓದಿ. ಹತ್ತು ಆಂಪಿಯರಿನ ಬಿಎಂಎಸ್‌ಗೆ ನೂರು ವಾಟಿನ ಸೆಟ್ಟು ಕಟ್ಟಿದರೆ ಮೊದಲ ಪದಕ್ಕೇ ಕತ್ತಲೆ. ಇದರ ವೋಲ್ಟೇಜು ಕೊನೆಯವರೆಗೂ 13ರ ಆಸುಪಾಸಿನಲ್ಲೇ ನಿಂತಿರುತ್ತದೆ, ವೋಲ್ಟ್‌ಮೀಟರ್ ನೋಡಿ ಹೊಟ್ಟೆ ಅಳೆಯಲು ಬರುವುದಿಲ್ಲ. ಒಳಬಂದದ್ದು ಹೊರಹೋದದ್ದು ಎಣಿಸುವ ಪುಟ್ಟ ಮೀಟರ್ ಹಾಕಿಕೊಳ್ಳಿ.

ಇನ್ನು ವೈರು. ಇದನ್ನು ಹೇಳದೆ ಬಿಟ್ಟರೆ ಮೇಲೆ ಹೇಳಿದ್ದೆಲ್ಲ ನೀರಲ್ಲಿ ಹೋಮ. ನನ್ನ ಸೆಟ್ಟು ಇರುವುದು ಮಹಡಿಯಲ್ಲಿ, ಬ್ಯಾಟರಿ ಕೆಳಗೆ ಜಗುಲಿಯ ಮೂಲೆಯಲ್ಲಿ. ನಡುವೆ ಐದು ಮೀಟರ್. ಮನೆಗೆ ವೈರಿಂಗ್ ಮಾಡಿ ಉಳಿದಿದ್ದ ಎರಡೂವರೆ ಸ್ಕ್ವೇರ್ ಎಂಎಂ ವೈರು ಎಳೆದೆ. ಕೇಳುವಾಗ ಎಲ್ಲ ಸರಿ. ಗುಂಡಿ ಒತ್ತಿ ‘ಸಿ ಕ್ಯೂ’ (ಯಾರಾದರೂ ಕೇಳುತ್ತಿದ್ದೀರಾ ಎಂಬ ಕರೆ) ಎಂದರೆ ಪರದೆಯ ಬೆಳಕು ಕುಸಿಯುತ್ತದೆ, ಸೆಟ್ಟು ಆರಿ ಮತ್ತೆ ಹತ್ತುತ್ತದೆ. ಬ್ಯಾಟರಿ ಹೋಯಿತೆಂದೇ ತಿಳಿದೆ. ಕೊನೆಗೆ ಮಗಳನ್ನು ಕೆಳಗೆ ಮೀಟರ್ ಹಿಡಿದು ಕೂರಿಸಿ, ನಾನು ಮೇಲೆ ಇನ್ನೊಂದು ಹಿಡಿದು ಒತ್ತಿದೆ. ‘ಅಪ್ಪಾ, ಹನ್ನೆರಡೂವರೆ!’ ಎಂದು ಕೂಗಿದಳು. ನನ್ನ ಕೈಯಲ್ಲಿದ್ದ ಮೀಟರಿನಲ್ಲಿ ಹನ್ನೊಂದು. ಒಂದೂವರೆ ವೋಲ್ಟು ದಾರಿಯಲ್ಲೇ ಕಳೆದಿತ್ತು. ಹೋಗಿ ಬರುವ ವೈರು ಸೇರಿ ಹತ್ತು ಮೀಟರ್. ಆ ದಪ್ಪದ ತಾಮ್ರಕ್ಕೆ ಮೀಟರಿಗೆ 7.4 ಮಿಲಿಓಮ್, ಇಪ್ಪತ್ತು ಆಂಪಿಯರ್‌ನಿಂದ ಗುಣಿಸಿದರೆ ಸರಿಯಾಗಿ ಅಷ್ಟೇ. ಹತ್ತು ಸ್ಕ್ವೇರ್ ಎಂಎಂ ಹಾಕಿದ ಮೇಲೆ ನಷ್ಟ 0.4ರೊಳಗೆ ಇಳಿಯಿತು. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ 30 ಆಂಪಿಯರಿನ ಫ್ಯೂಸ್ ಇರಲಿ. ಅದು ರೇಡಿಯೋಗಲ್ಲ, ಮನೆಗೆ ಬೆಂಕಿ ಬೀಳದಿರಲು.

ಕಂಟ್ರೋಲರಿನ ಗದ್ದಲ ಇನ್ನೊಂದು. ಅಂಗಡಿಯವರಿಗೆ ಇದು ಗೊತ್ತಿರುವುದಿಲ್ಲ, ಅವರ ಗಿರಾಕಿಗಳು ಬಲ್ಬು ಹಚ್ಚುವವರು. ಎಂಪಿಪಿಟಿಯ ಒಳಗೆ ಸೆಕೆಂಡಿಗೆ ಲಕ್ಷದ ಲೆಕ್ಕದಲ್ಲಿ ಸ್ವಿಚ್ ತೆರೆದು ಮುಚ್ಚುತ್ತಿರುತ್ತದೆ. ಕಳಪೆಯಾಗಿದ್ದರೆ ಆ ಕರಕರವನ್ನು ಪ್ಯಾನೆಲ್ಲಿನ ಉದ್ದ ವೈರುಗಳೇ ಆಂಟೆನಾ ಆಗಿ ಸುತ್ತಲೂ ಹರಡುತ್ತವೆ. 40 ಮೀಟರಿನಲ್ಲಿ ಜೀರುಂಡೆ ಕೂಗಿದ ಹಾಗೆ ಕೇಳುತ್ತದೆ. ಕೊಳ್ಳುವ ಮೊದಲು ಅಂಗಡಿಗೆ ಒಂದು ಹಳೆಯ ಟ್ರಾನ್ಸಿಸ್ಟರ್ ಒಯ್ಯಿರಿ. ಯಾವ ನಿಲಯವೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಪ್ಯಾನೆಲ್ಲಿಗೆ ಜೋಡಿಸಿದ ಕಂಟ್ರೋಲರಿನ ಹತ್ತಿರ ಹಿಡಿಯಿರಿ. ಒಂದು ಮಾರು ದೂರದಲ್ಲೂ ಅರಚಿದರೆ ಬೇಡ. ಈಗಾಗಲೇ ಕೊಂಡಾಗಿದೆ ಎಂದರೆ ಪ್ಯಾನೆಲ್ಲಿನ ವೈರಿಗೆ ಒಂದು ಸ್ವಿಚ್ ಹಾಕಿ, ಮಾತಾಡುವ ಹೊತ್ತಿಗೆ ಪ್ಯಾನೆಲ್ ಬಿಡಿಸಿಬಿಡಿ. ಬಿಡಿಸುವಾಗ ಮೊದಲು ಪ್ಯಾನೆಲ್, ಜೋಡಿಸುವಾಗ ಮೊದಲು ಬ್ಯಾಟರಿ. ಇದು ತಿರುಗುಮುರುಗಾದರೆ ಪ್ಯಾನೆಲ್ಲಿನ ಇಪ್ಪತ್ತು ಚಿಲ್ಲರೆ ವೋಲ್ಟು ನೇರ ಸೆಟ್ಟಿಗೆ ನುಗ್ಗಬಹುದು.

ಕಾರವಾರ, ಕುಮಟೆ, ಹೊನ್ನಾವರದಿಂದ ಬಂದವರಿಗೆ ಉಪ್ಪುಗಾಳಿಯ ಕಾಟ. ಬೆತ್ತಲೆ ತಾಮ್ರಕ್ಕೆ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ತವರದ ಲೇಪವಿರುವ ವೈರು, ಸ್ಟೇನ್‌ಲೆಸ್ ಬೋಲ್ಟು, ಜೋಡಣೆಗಳಿಗೆ ವ್ಯಾಸಲೀನ್. ಘಟ್ಟದ ಮೇಲಿನವರಿಗೆ ಸಿಡಿಲು. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಆಂಟೆನಾ ಕಳಚಿ ಹೊರಗೆ ಹಾಕಿ. ಗುಡುಗು ಕೇಳಿದ ಮೇಲೆ ಕಳಚಲು ಓಡಬೇಡಿ.

ಪ್ರಶ್ನೆಗಳಿಗೆ ಬರುತ್ತೇನೆ. ಹಿರಿಯರೊಬ್ಬರು ಎದ್ದು ನಿಂತು, ‘ತಮಾ, ಇಷ್ಟೆಲ್ಲ ಮಾಡಿ ಕೊನೆಗೆ ಮಾತಾಡುವುದು ಯಾರ ಹತ್ತಿರ?’ ಎಂದರು. ಸಭೆ ನಕ್ಕಿತು. ಅದು ನಗುವ ಪ್ರಶ್ನೆಯಲ್ಲ. ಒಬ್ಬನೇ ಪರವಾನಗಿ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ಕಾರವಾರದಲ್ಲೊಬ್ಬ, ಜೊಯಿಡಾದಲ್ಲೊಬ್ಬ, ಸಿದ್ದಾಪುರದಲ್ಲೊಬ್ಬ ಬೇಕು. ಪರೀಕ್ಷೆ ಕೇಂದ್ರದ ದೂರಸಂಪರ್ಕ ಇಲಾಖೆಯದು, ಹನ್ನೆರಡು ತುಂಬಿದವರು ಬರೆಯಬಹುದು. ನಿಮ್ಮ ಮೊಮ್ಮಗಳನ್ನು ಕೂರಿಸಿ ಎಂದೆ. ಮೊಮ್ಮಗಳು ಅವರ ಪಕ್ಕದಲ್ಲೇ ಇದ್ದಳು.

ಅವಳದೇ ಮುಂದಿನ ಪ್ರಶ್ನೆ. ‘ಮಳೆಗಾಲದಲ್ಲಿ ಬಿಸಿಲು ಇಲ್ಲ, ಸರಿ. ನಮ್ಮ ಮನೆಗೆ ಅಬ್ಬಿ ನೀರು ಬರುತ್ತದೆ. ಅದರಿಂದ ಆಗುವುದಿಲ್ಲವೇ?’ ಇಡೀ ಮಧ್ಯಾಹ್ನದ ಅತ್ಯುತ್ತಮ ಪ್ರಶ್ನೆ ಅದೇ, ನಾನೇ ಹೇಳಬೇಕಿತ್ತು. ಬೆಟ್ಟದಿಂದ ಬರುವ ನೀರಿಗೆ ಹದಿನೈದು ಲೀಟರಿನ ಕೊಡಪಾನ ಹಿಡಿಯಿರಿ. ಏಳೆಂಟು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಎರಡು ಲೀಟರ್. ಅದು ಹತ್ತು ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ನೀರಿನಲ್ಲಿರುವ ಶಕ್ತಿ 196 ವಾಟ್. ಪುಟ್ಟ ಟರ್ಬೈನ್ ಅದರಲ್ಲಿ ನೂರಕ್ಕೆ ನಲವತ್ತು ಹಿಡಿದರೂ ಎಂಬತ್ತು ವಾಟ್ ಆಯಿತು. ಸಣ್ಣದು ಅನ್ನಿಸುತ್ತದೆ, ಆದರೆ ನೀರು ರಾತ್ರಿಯೂ ಬೀಳುತ್ತದೆ. ದಿನಕ್ಕೆ ಸುಮಾರು 1.9 ಯೂನಿಟ್. ಪುನರ್ವಸುವಿನಲ್ಲಿ ಅಷ್ಟನ್ನು ಬಿಸಿಲಿನಿಂದ ತೆಗೆಯಲು ನನ್ನಲ್ಲಿರುವಂಥ ಮೂವತ್ತು ಪ್ಯಾನೆಲ್ ಬೇಕು. ಒಂದೇ ಎಚ್ಚರ: ಬ್ಯಾಟರಿ ತುಂಬಿದ ಮೇಲೆ ಟರ್ಬೈನಿನ ವೈರು ಸುಮ್ಮನೆ ಬಿಡಿಸಿದರೆ ಅದು ಹುಚ್ಚೆದ್ದು ತಿರುಗಿ ಕೆಡುತ್ತದೆ. ಹೆಚ್ಚಾದದ್ದನ್ನು ಬಚ್ಚಲಿನ ನೀರು ಕಾಯಿಸುವ ಕಾಯಿಲಿಗೆ ತಿರುಗಿಸುವ ವ್ಯವಸ್ಥೆ ಬೇಕು. ಶಿವರಾತ್ರಿಯ ಹೊತ್ತಿಗೆ ಅಬ್ಬಿ ಸೊರಗುತ್ತದೆ, ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ.

ಮೂರನೆಯದು ಸೊಂಟ ನೀವಿಕೊಳ್ಳುತ್ತಿದ್ದವರದು. ಸತ್ತ ಬ್ಯಾಟರಿಯನ್ನು ಏನು ಮಾಡಿದಿರಿ ಎಂದು ಕೇಳಿದರು. ಸೀಸದ್ದಕ್ಕೆ ಸತ್ತ ಮೇಲೂ ಬೆಲೆಯಿದೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ತೂಕಕ್ಕೆ ತೆಗೆದುಕೊಂಡು ಬಿಲ್ಲಿನಲ್ಲಿ ಕಳೆದರು. ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಯನ್ನೇ ಮಾಡುತ್ತಾರೆ. ಆಮ್ಲವನ್ನು ಮಾತ್ರ ತೋಟಕ್ಕೆ ಚೆಲ್ಲಿ ಬರೀ ಡಬ್ಬ ಒಯ್ಯಬೇಡಿ, ತುಂಬಿದ್ದನ್ನೇ ನೆಟ್ಟಗೆ ನಿಲ್ಲಿಸಿಕೊಂಡು ಒಯ್ಯಿರಿ. ಲಿಥಿಯಂ ಇನ್ನೂ ನನ್ನ ಕೈಯಲ್ಲಿ ಯಾವುದೂ ಸತ್ತಿಲ್ಲ.